ಬಿಡು ಎಂದಾಗ

ಬಸಲಿಂಗನ ಎಡಗೈಯ ಎರಡು ಬೆರಳು ಹೋದದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಹಾಡಹಗಲೇ, ಅವನ ಹೆಂಡತಿಯ ತಮ್ಮ ಯಮನೂರನ ಕೈಯಲ್ಲಿ. ಹೀಗೆಂದರೆ ಯಮನೂರನೇ ಕತ್ತರಿಸಿ ಹಾಕಿದ ಹಾಗೆ ಕೇಳಿಸುತ್ತದೆ. ಹಾಗಲ್ಲ. ಆದರೆ ರಾಜಗೋಪಾಲನಗರದ ಅವರ ವಠಾರದಲ್ಲಿ ಸುದ್ದಿ ಹಬ್ಬಿದ್ದು ಹಾಗೆಯೇ. ಬಸಲಿಂಗನೂ ಅದನ್ನು ತಿದ್ದಲು ಹೋಗಲಿಲ್ಲ.

ಇಬ್ಬರೂ ಕುಷ್ಟಗಿ ಕಡೆಯವರು. ಪೀಣ್ಯಕ್ಕೆ ಮೊದಲು ಬಂದವನು ಬಸಲಿಂಗ. ಕಾರ್ಖಾನೆಗಳಿಗೆ ಕರೆಂಟಿನ ಕೆಲಸ ಮಾಡಿಸಿಕೊಡುತ್ತಿದ್ದ ಗುತ್ತಿಗೆದಾರ ನರಸಿಂಹಯ್ಯನವರ ಹತ್ತಿರ ಸೇರಿಕೊಂಡು, ಟ್ರಾನ್ಸ್‌ಫಾರ್ಮರಿನಿಂದ ಪ್ಯಾನೆಲ್ ಬೋರ್ಡಿಗೆ ದಪ್ಪ ಕೇಬಲ್ ಎಳೆದು ಜೋಡಿಸುವುದನ್ನು ಕಲಿತ. ಅಕ್ಕನ ಮನೆ ಹುಡುಕಿಕೊಂಡು ಬಂದ ಯಮನೂರನಿಗೂ ಅದನ್ನೇ ಕಲಿಸಿದ. ಭಾವನನ್ನು "ಮಾಮಾ, ಮಾಮಾ" ಎನ್ನುತ್ತ ಬೆನ್ನ ಹಿಂದೆ ಬರುತ್ತಿದ್ದವನು ಕೆಲವೇ ವರ್ಷಗಳಲ್ಲಿ ಹೆಗಲಿಗೆ ಹೆಗಲು ಕೊಡುವ ಜೋಡಿಯಾದ.

ಅದು ಒಬ್ಬನಿಂದ ಆಗುವ ಕೆಲಸವಲ್ಲ. ಕೇಬಲ್ಲಿನ ತುದಿಯ ಹೊದಿಕೆ ಸುಲಿದು, ಒಳಗಿನ ಅಲ್ಯುಮಿನಿಯಂ ಎಳೆಗಳನ್ನು ಲಗ್ಗಿನೊಳಗೆ ತೂರಿಸಬೇಕು. ಲಗ್ಗೆಂದರೆ ಒಂದು ತುದಿ ಕೊಳವೆ, ಇನ್ನೊಂದು ತುದಿ ಬೋಲ್ಟಿಗೆ ತೂತಿರುವ ಚಪ್ಪಟೆ ತಗಡು. ಆ ಕೊಳವೆಯನ್ನು ಕ್ರಿಂಪಿಂಗ್ ಟೂಲಿನ ದವಡೆಯಲ್ಲಿಟ್ಟು ಒಬ್ಬ ಹಿಡಿದುಕೊಳ್ಳಬೇಕು. ಇನ್ನೊಬ್ಬ ಉದ್ದನೆಯ ಹಿಡಿಕೆಗಳನ್ನು ತೆರೆದು ಮುಚ್ಚಿ ಪಂಪು ಹೊಡೆಯಬೇಕು. ಒಳಗಿನ ಎಣ್ಣೆ ಒತ್ತುತ್ತ ಹೋದ ಹಾಗೆ ಉಕ್ಕಿನ ದವಡೆ ಮುಚ್ಚಿಕೊಂಡು, ಕೊಳವೆಯೂ ಎಳೆಗಳೂ ಒಂದೇ ಗಟ್ಟಿಯಾಗುತ್ತವೆ. ಪಂಪು ನಿಲ್ಲಿಸಿದ ಮಾತ್ರಕ್ಕೆ ದವಡೆ ಸಡಿಲವಾಗುವುದಿಲ್ಲ. ಹಿಡಿಕೆಯ ಬುಡದಲ್ಲಿರುವ ಸಣ್ಣ ತಿರುಪನ್ನು ತಿರುವಿದರೆ ಮಾತ್ರ ಎಣ್ಣೆ ಹಿಂದಕ್ಕೆ ಸರಿದು ಬಾಯಿ ಬಿಡುತ್ತದೆ.

"ಉಡ ಹಿಡಿದಂಗ ಹಿಡಿತೈತಿ ಇದು, ಹುಷಾರು" ಎಂದು ಬಸಲಿಂಗ ಕಲಿಸುವಾಗಲೇ ಹೇಳಿದ್ದ.

ಲಗ್ಗು ಹಿಡಿಯುವವನು ಯಾವಾಗಲೂ ಬಸಲಿಂಗ, ಪಂಪು ಯಮನೂರನದು. "ಹೊಡಿ" ಎಂದರೆ ಹೊಡೆಯುವುದು, "ಬಿಡು" ಎಂದರೆ ತಿರುಪು ತಿರುವುವುದು. ಕೆಲಸದ ಹೊತ್ತಿನಲ್ಲಿ ಅವರಿಬ್ಬರ ನಡುವೆ ಬೇರೆ ಮಾತು ಬೇಕಿರಲಿಲ್ಲ.

ಆ ದಿನ ಬಸಲಿಂಗ ಪ್ಯಾನೆಲ್ ಬೋರ್ಡಿನ ಹಿಂದಿನ ಇಕ್ಕಟ್ಟಿನಲ್ಲಿ ಮಂಡಿಯೂರಿ ಕೂತಿದ್ದ. ಬೋರ್ಡಿನ ಬಾಗಿಲು ಅಡ್ಡ ಇದ್ದುದರಿಂದ ಯಮನೂರನಿಗೆ ಹಿಡಿಕೆ ಕಾಣುತ್ತಿತ್ತೇ ಹೊರತು ದವಡೆ ಕಾಣುತ್ತಿರಲಿಲ್ಲ. "ಹೊಡಿ" ಎಂದಾದ ಮೇಲೆ ಕೇಬಲ್ ಒಂದಿಷ್ಟು ಹೊರಳಿ ಲಗ್ಗು ವಾಲಿತು. ನೇರ ಮಾಡೋಣವೆಂದು ಬಸಲಿಂಗ ಬೆರಳು ಒಳಗೆ ಹಾಕಿದ. ಅಷ್ಟರಲ್ಲಿ ಪಂಪು ಬಿತ್ತು, ಅದರ ಬೆನ್ನಿಗೇ ಮತ್ತೊಂದು ಬಿತ್ತು.

"ಬಿಡು! ಬಿಡೋ!"

ಯಮನೂರ ಬಿಟ್ಟ. ತಿರುಪನ್ನಲ್ಲ, ಹಿಡಿಕೆಯನ್ನು. ಕೆಂಡ ಮುಟ್ಟಿದವನ ಹಾಗೆ ಎರಡೂ ಕೈ ತೆಗೆದು ಹಿಂದಕ್ಕೆ ಸರಿದು ನಿಂತುಬಿಟ್ಟ. ಕೂಸಿನಷ್ಟು ಭಾರದ ಆ ಟೂಲು ಬಸಲಿಂಗನ ಬೆರಳುಗಳಿಗೆ ಜೋತುಬಿತ್ತು. ಕಣ್ಣು ಕತ್ತಲಿಟ್ಟರೂ ಬಸಲಿಂಗ ಬಲಗೈಯಿಂದ ತಡಕಾಡಿ ತಿರುಪು ಹುಡುಕಿ ತಾನೇ ತಿರುವಿದ. ದವಡೆ ಬಾಯಿ ಬಿಟ್ಟಾಗ ಅವನು ಮೊದಲು ನೋಡಿದ್ದು ತನ್ನ ಬೆರಳನ್ನಲ್ಲ, ಬಾಗಿಲಿನ ಆಚೆ ಕೈ ಚೆಲ್ಲಿ ನಿಂತಿದ್ದ ಯಮನೂರನನ್ನು.

ನರಸಿಂಹಯ್ಯನವರು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ತೋರುಬೆರಳು, ನಡುಬೆರಳುಗಳಲ್ಲಿ ಬುಡದ ಮೊಂಡು ಮಾತ್ರ ಉಳಿಯಿತು.

ಮನೆಗೆ ಬಂದ ಮೇಲೆ ಹೆಂಡತಿ ಶಿವಗಂಗಾ ಒಂದೇ ಮಾತು ಕೇಳಿದಳು. "ಅವನು ಬೇಕಂತ ಮಾಡ್ಯಾನೇನು?"

"ಇಲ್ಲ."

"ಮತ್ತ ಯಾಕ ಅವನ ಮಾರಿ ನೋಡವಲ್ಲಿ?"

ಯಮನೂರ ಎಳನೀರು ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತಾಗ ಬಸಲಿಂಗ ಗೋಡೆಯ ಕಡೆ ಹೊರಳಿ ಮಲಗಿದ. ಬೆರಳು ಹೋದ ಸಂಕಟಕ್ಕಿಂತ, ಕೂಗಿದಾಗ ಅವನು ಕೈಬಿಟ್ಟನಲ್ಲ ಎಂಬುದೇ ಎದೆಯಲ್ಲಿ ಮುಳ್ಳಾಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ಮಾತು. ತಾನೇ ತಿದ್ದಿ ತೀಡಿದವನು! ಯಮನೂರ ಮತ್ತೂ ಕೆಲವು ಸಲ ಬಂದು ನಿಂತು ಹೋದ. ಆಮೇಲೆ ಬರುವುದನ್ನು ಬಿಟ್ಟ. ಬೇಗೂರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ್ದಾನಂತೆ ಎಂದು ಶಿವಗಂಗಾ ಯಾರಿಂದಲೋ ತಿಳಿದುಕೊಂಡಳು. ಗಂಡನಿಗೆ ಹೇಳಿದಳು, ಅತ್ತಳು. ಆಮೇಲೆ ಆ ಹೆಸರೆತ್ತುವುದನ್ನು ಅವಳೂ ನಿಲ್ಲಿಸಿದಳು.

ಗಾಯ ಮಾಯ್ದ ಮೇಲೆ ನರಸಿಂಹಯ್ಯನವರು ಹೇಳಿಕಳಿಸಿದರು. "ಸುಮ್ಕೆ ಮನೇಲಿ ಕುಂತ್ರೆ ಮನ್ಸು ಕೊಳೀತದೆ ಕಣಪ್ಪಾ. ಲಗ್ಗು ಮರೆಪ್ಪ ಹಿಡ್ಕೊಳ್ಳಿ, ನೀನು ಪಂಪು ಒಡಿ. ಎಂಗೆ?"

ಮರೆಪ್ಪ ಲಿಂಗಸುಗೂರಿನವನು, ಮಾತುಗಾರ, ಒಳ್ಳೆಯವನು. ಬಸಲಿಂಗ ಒಪ್ಪಿದ. ಹಿಡಿಕೆ ಹಿಡಿಯಲು ಉಳಿದ ಬೆರಳು ಸಾಕಾಗಿತ್ತು. ಆದರೆ ಇಷ್ಟು ವರ್ಷ ದವಡೆಯ ಹತ್ತಿರ ಕೂತು ಕೆಲಸ ಮಾಡಿದವನಿಗೆ ಹಿಡಿಕೆಯ ತುದಿಯಿಂದ ಎಲ್ಲವೂ ಬೇರೆಯಾಗಿ ಕಂಡಿತು. ಅಲ್ಲಿಂದ ಕಾಣುವುದು ಇನ್ನೊಬ್ಬನ ಬೆನ್ನು, ಬಾಗಿದ ತಲೆ, ಅಷ್ಟೇ. ಬೆರಳು ಎಲ್ಲಿದೆಯೆಂದು ಮಾತಿನಿಂದ ತಿಳಿಯಬೇಕು. ಪ್ರತಿ ಪಂಪಿಗೂ ಬಸಲಿಂಗ "ಕೈ ತಗದೀಯೇನು?" ಎಂದು ಕೇಳುತ್ತಿದ್ದ. ಮರೆಪ್ಪ ಬೇಸರಪಟ್ಟುಕೊಳ್ಳದೆ "ತಗದೀನಿ ಅಣ್ಣ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಇಬ್ಬರೂ ಕೇಬಲ್ ಹಾಯಿಸುವ ಕಾಲುವೆಯಲ್ಲಿ ಇಳಿದಿದ್ದರು. ಮೇಲೆ ಜನರೇಟರಿನ ಗದ್ದಲ. ಮರೆಪ್ಪ "ತಗದೀನಿ" ಎಂದ, ಬಸಲಿಂಗ ಪಂಪು ಹೊಡೆದ. ಎರಡನೇ ಸಲ ಹಿಡಿಕೆ ಮುಚ್ಚುತ್ತಿದ್ದಂತೆ ಮರೆಪ್ಪ ಕಿರುಚಿದ.

"ಬಿಡ್ರೀ! ಅಣ್ಣ, ಬಿಡ್ರೀ!"

ಬಸಲಿಂಗನ ಎರಡೂ ಕೈ ಹಿಡಿಕೆಯನ್ನು ಬಿಟ್ಟವು.

ತಿರುಪು ಅವನ ಹೆಬ್ಬೆರಳಿಗೆ ತಾಗುವಷ್ಟು ಹತ್ತಿರವಿತ್ತು. ಅದು ಎಲ್ಲಿದೆ, ಯಾವ ಕಡೆ ತಿರುವಬೇಕು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಪೀಣ್ಯದಲ್ಲಿ ಎಷ್ಟು ಜನರಿದ್ದಾರು? ಆದರೂ ಅವನು ಕೈ ಮೇಲೆತ್ತಿಕೊಂಡು ಕಾಲುವೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ತಾನು ಹಾಗೆ ನಿಂತಿರುವುದು ಅವನಿಗೆ ತಿಳಿದದ್ದು ಒಂದು ಗಳಿಗೆ ಕಳೆದ ಮೇಲೆ.

ಮರೆಪ್ಪ ಕೈಗವಸಿನಿಂದ ಕೈ ಕಿತ್ತುಕೊಂಡಿದ್ದ. ಸಿಕ್ಕಿದ್ದು ಗವಸಿನ ತುದಿ ಮಾತ್ರ. "ಏನೂ ಆಗಿಲ್ರೀ ಅಣ್ಣ, ಬರೀ ಚರ್ಮ, ಅದೂ ಗವಸಿಂದು" ಎಂದು ನಗುತ್ತ ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದ. ಬಸಲಿಂಗ ನಗಲಿಲ್ಲ. ಕಾಲುವೆ ಹತ್ತಿ ಹೊರಗೆ ಬಂದು, ಕೇಬಲ್ ಸುತ್ತಿದ್ದ ಮರದ ಚಕ್ರದ ನೆರಳಲ್ಲಿ ಕೂತ. ಮರೆಪ್ಪ ನೀರು ತಂದುಕೊಟ್ಟರೂ ಕುಡಿಯಲಾಗಲಿಲ್ಲ.

ಮಾರನೆಯ ದಿನ ಕೆಲಸಕ್ಕೆ ಹೋಗದೆ ಬಸ್ಸು ಬದಲಾಯಿಸಿಕೊಂಡು ಬೇಗೂರಿಗೆ ಹೋದ.

ಕೇಳುತ್ತ ಕೇಳುತ್ತ ಹೋದರೆ, ಹಳೇ ಗುಡಿಯ ಆಚೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಬುಡದಲ್ಲಿ ಯಮನೂರ ಸಿಮೆಂಟು ಕಲಸುತ್ತಿದ್ದ. ಭಾವನನ್ನು ಕಂಡವನೇ ಸಲಿಕೆ ಕೆಳಗೆ ಹಾಕಿದ. ಮುಖ ಬಿಳುಚಿಕೊಂಡಿತು.

"ಮಾಮಾ... ಅಕ್ಕಗ ಏನಾರ ಆಗೇತೇನು?"

"ಏನೂ ಆಗಿಲ್ಲ. ನಿನ್ನ ನೋಡಾಕ ಬಂದೆ."

ಮೇಸ್ತ್ರಿಗೆ ಹೇಳಿ ಇಬ್ಬರೂ ಕೆರೆಯ ಏರಿಯ ಮೇಲೆ ಹೋಗಿ ಕೂತರು. ಯಮನೂರ ಸೊರಗಿದ್ದ. ಸುಣ್ಣ, ಸಿಮೆಂಟಿಗೆ ಅಂಗೈ ಒಡೆದಿತ್ತು. ಬಸಲಿಂಗನ ಎಡಗೈಯನ್ನು ನೋಡಬಾರದೆಂದು ಕೆರೆಯ ಕಡೆಗೇ ಕಣ್ಣಿಟ್ಟಿದ್ದ. ಬಸಲಿಂಗ ಸುತ್ತಿ ಬಳಸದೆ ಮರೆಪ್ಪನ ಗವಸಿನ ಸಂಗತಿ ಹೇಳಿದ.

"ಬಿಡ್ರೀ ಅಂತ ಅವ ಚೀರಿದ. ನನ್ನ ಕೈ ಬಿಟ್ಟುವು. ನಾ ಬಿಡ್ಲಿಲ್ಲೋ, ಅವು ತಾವಾಗೇ ಬಿಟ್ಟುವು. ಮನಸಿಗೆ ಗೊತ್ತಾಗೂದರಾಗ ಮುಗಿದುಹೋಗಿತ್ತು."

ಯಮನೂರ ಬಲಗೈ ಎತ್ತಿ, ಹೆಬ್ಬೆರಳು ತೋರುಬೆರಳು ಕೂಡಿಸಿ, ಗಾಳಿಯಲ್ಲಿ ಏನನ್ನೋ ಮೆಲ್ಲಗೆ ತಿರುವಿದ.

"ದಿನಾ ತಿರುವ್ತೀನಿ ಮಾಮಾ. ಕಲಸೂವಾಗ, ಉಣ್ಣೂವಾಗ, ಮಲಗಿದಾಗ. ಜೋಡಿಗೆ ಇರೂ ಮಂದಿ ಕೈಗೆ ಏನಾಗೇತಿ ಅಂತ ಕೇಳ್ತಾರ. ಏನ್ ಹೇಳ್ಲಿ? ಆವತ್ತು ಒಂದ್ ಸಲ ತಿರುವಿದ್ರ ಸಾಕಿತ್ತು."

ಬಸಲಿಂಗ ಆ ಕೈಯನ್ನು ತನ್ನ ಎಡಗೈಯಿಂದ ಹಿಡಿದು ಕೆಳಗಿಳಿಸಿದ. ಮೊಂಡು ಬೆರಳು ತಾಗಿದಾಗ ಯಮನೂರ ಬೆಚ್ಚಿದ. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

"ಬಿಡು ಅನ್ನೂ ಮಾತ ತಪ್ಪು" ಎಂದ ಬಸಲಿಂಗ. "ತಿರುವು ಅಂತ ಕಲಿಸಬೇಕಿತ್ತು. ನಿನ್ನಿ ಮರೆಪ್ಪಗೂ ಅದನ್ನ ಹೇಳೀನಿ. ನಿನಗ ಕಲಿಸಿದಾಂವ ನಾನು, ನನಗೂ ಗೊತ್ತಿರಲಿಲ್ಲ."

"ಹಂಗನ್ನಬ್ಯಾಡ ಮಾಮಾ."

"ರವಿವಾರ ಒಂದ್ ಕೆಲಸ ಐತಿ. ಕಾರ್ಖಾನಿ ಬಂದ್ ಇರ್ತೈತಿ. ಬಾ. ಒಂದ ಸಲ ಬಾ. ಆಮ್ಯಾಲ ನಿನ್ನಿಷ್ಟ."

ಭಾನುವಾರ ಯಮನೂರ ಬಂದ. ನರಸಿಂಹಯ್ಯನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಂದ್ಯಾ? ಒಳ್ಳೇದಾಯ್ತು ಬುಡು" ಎಂದಷ್ಟೇ ಹೇಳಿ, ಕರೆಂಟು ತೆಗೆದಿರುವುದನ್ನು ಖಾತ್ರಿ ಮಾಡಿಕೊಂಡು ಹೊರಗೆ ಹೋಗಿ ನಿಂತರು. ಬಸಲಿಂಗ ಪ್ಯಾನೆಲ್ಲಿನ ಬಾಗಿಲನ್ನು ಕೀಲಿನಿಂದ ಕಳಚಿ ಗೋಡೆಗೆ ಒರಗಿಸಿದ. ಈಗ ಹಿಡಿಕೆಯ ತುದಿಯಿಂದಲೂ ದವಡೆ ಚೆನ್ನಾಗಿ ಕಾಣುತ್ತಿತ್ತು.

ಕೇಬಲ್ ಸುಲಿದು, ಲಗ್ಗು ತೊಡಿಸಿ, ಬಸಲಿಂಗ ಅದನ್ನು ದವಡೆಯ ಬಳಿಗೆ ಒಯ್ದ. ಅಲ್ಲಿಗೆ ಅವನ ಕೈ ನಿಂತಿತು. ಕ್ಷಮಿಸಿದ್ದೇನೆ ಎಂದು ಅವನು ತಿಳಿದಿದ್ದ, ಸುಳ್ಳೇನೂ ಅಲ್ಲ. ಆದರೆ ಕೈಗೆ ಅದು ತಿಳಿದಿರಲಿಲ್ಲ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಬಿತ್ತು.

ಯಮನೂರ ಹಿಡಿಕೆಯನ್ನು ನೆಲಕ್ಕೊರಗಿಸಿ ಬಂದು ಅವನ ಪಕ್ಕ ಮಂಡಿಯೂರಿದ. "ಆ ಕಡೆ ಸರಿ ಮಾಮಾ. ನಾ ಹಿಡಿತೀನಿ, ನೀ ಹೊಡಿ" ಎಂದು ಲಗ್ಗನ್ನು ತೆಗೆದುಕೊಂಡು ದವಡೆಯೊಳಗೆ ಇಟ್ಟ. ಬೆರಳು ಇರಬೇಕಾದ್ದಕ್ಕಿಂತ ಒಳಗೆ ಇದ್ದವು. ಬಸಲಿಂಗ ಅವನ ಮುಖ ನೋಡಿದ. ದವಡೆ ಮುಚ್ಚಿಕೊಂಡರೂ ಇವನು ಕೂಗುವುದಿಲ್ಲ ಎಂದು ಆ ಮುಖದಲ್ಲಿ ಸ್ಪಷ್ಟವಾಗಿತ್ತು.

ಬಸಲಿಂಗನಿಗೆ ಎಂದೂ ಬಾರದಂಥ ಭಯ ಬಂತು. ಅವನ ಮಣಿಕಟ್ಟು ಹಿಡಿದು ಹೊರಗೆ ಎಳೆದ.

"ಬೆರಳಿಗೆ ಬೆರಳು ಕೊಡಾಕ ಬಂದೀಯೇನು? ನಿನ್ನ ಬೆರಳು ತಗೊಂಡು ನಾ ಏನ್ ಮಾಡ್ಲಿ? ನಿಮ್ಮಕ್ಕಗ ಏನಂತ ಹೇಳ್ಲಿ? ಏಳು! ಎದ್ದು ಹಿಡಿಕಿ ಹಿಡಿ!"

ಯಮನೂರ ಏಳಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು, ಮೊಣಕಾಲಿನ ನಡುವೆ ತಲೆ ಹುದುಗಿಸಿ ಅತ್ತ. ಆ ಖಾಲಿ ಕಾರ್ಖಾನೆಯಲ್ಲಿ ಅಳು ತಗಡಿನ ಮಾಡಿಗೆ ಬಡಿದು ತಿರುಗಿ ಬರುತ್ತಿತ್ತು. ಬಸಲಿಂಗ ಸುಮ್ಮನಿರಿಸಲು ಹೋಗದೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಅಳು ತಾನಾಗಿ ನಿಂತ ಮೇಲೆ ಯಮನೂರ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದು ಹಿಡಿಕೆಯ ಹತ್ತಿರ ನಿಂತ.

ಬಸಲಿಂಗ ಎಡಗೈಯಿಂದಲೇ ಲಗ್ಗನ್ನು ದವಡೆಯಲ್ಲಿ ಇಟ್ಟ.

"ಹೊಡಿ."

ಯಮನೂರ ಪ್ರತಿ ಸಲವೂ ದವಡೆಯನ್ನು ನೋಡಿ, ಭಾವನ ಮುಖ ನೋಡಿ, ಆಮೇಲೆ ಹಿಡಿಕೆ ಮುಚ್ಚಿದ. ಲೋಹ ಲೋಹಕ್ಕೆ ಒತ್ತಿ ಗಟ್ಟಿಯಾಯಿತು.

"ತಿರುವು."

ಯಮನೂರ ತಿರುವಿದ. ದವಡೆ ತೆರೆಯಿತು.

ಕೆಲಸ ಮುಗಿಯುವಾಗ ಬಿಸಿಲು ಇಳಿದಿತ್ತು. ಟೂಲನ್ನು ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತ ಯಮನೂರ ಹೇಳಿದ, "ಈ ಕೆಲಸ ಇನ್ನ ನನಗ ಸಾಕು ಮಾಮಾ. ಬೇಗೂರಾಗ ಟೈಲ್ಸ್ ಹಾಕೂದು ಕಲಿಸ್ತೀನಿ ಅಂತ ಒಬ್ಬರು ಅಂದಾರ." ಬಸಲಿಂಗ ಒತ್ತಾಯ ಮಾಡಲಿಲ್ಲ. "ಆತು. ಆದ್ರ ಇವತ್ತು ಉಂಡು ಹೋಗು" ಎಂದ.

ಇಬ್ಬರೂ ಕೂಡಿ ಬಂದದ್ದನ್ನು ಕಂಡು ಶಿವಗಂಗಾ ಬಾಗಿಲಲ್ಲೇ ನಿಂತಳು. ಆಮೇಲೆ ಒಳಗೆ ಹೋಗಿ ರೊಟ್ಟಿಯ ಹಿಟ್ಟು ನಾದತೊಡಗಿದಳು. ತಮ್ಮನ ತಾಟಿಗೆ ರೊಟ್ಟಿ ಹಾಕುವಾಗ "ಎಷ್ಟ್ ಸಣ್ಣ ಆಗೀಯೋ" ಎಂದು ಅವನ ತಲೆ ಸವರಿ, ಸೆರಗು ಬಾಯಿಗೆ ಹಚ್ಚಿಕೊಂಡಳು. ಯಮನೂರ ತಲೆ ತಗ್ಗಿಸಿ ಉಂಡ, ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

ಬಸಲಿಂಗ ಅವನನ್ನು ಬಸ್ ನಿಲ್ದಾಣದವರೆಗೆ ಕಳಿಸಲು ಹೋದ. ಬಸ್ಸು ಬಂದು, ಕಂಡಕ್ಟರು ಬೇಗ ಹತ್ತಿ ಎಂದು ಗದರಿದಾಗ ಬಸಲಿಂಗ ಅವಸರದಲ್ಲಿ ಹೇಳಿದ, "ಅಮಾಸಿಗೆ ಬಾ. ಅಕ್ಕ ಹೋಳಿಗಿ ಮಾಡ್ತಾಳ."

"ಬರ್ತೀನಿ ಮಾಮಾ."

ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಬಂದ.