ಡೇರಿಯ ಪಾಳಿ

ಹಾಲಿನ ಕ್ಯಾನನ್ನು ಗಾಡಿಗೆ ಕಟ್ಟುತ್ತಿದ್ದ ತಮ್ಮನ ಕೈಯನ್ನು ಮನೀಷಾ ಹಿಡಿದು ಜಗ್ಗಿದಳು. ಪಡಸಾಲೆಯಲ್ಲಿ ಅವ್ವ ಗೌರವ್ವನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು.

"ಅವ್ವನ ಮಣ್ಣ ಇನ್ನಾ ಆಗಿಲ್ಲ, ಡೇರಿಗಿ ಹೊಂಟೀಯೇನೋ ಸುಮಿತ? ನಾಚಿಗಿ ಬರೂದಿಲ್ಲ?"

"ಎಮ್ಮಿಗಿ ಏನ್ ಗೊತ್ತಕ್ಕಾ? ಹಾಲ್ ಕೆಡ್ತಾವ."

"ಕೆಡ್ಲಿ! ಇವತ್ತೊಂದಿನ ಬಂದ ಮಂದಿಗಿ ಚಾಕ್ಕ ಬೇಕು."

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ನೂತನ ಬೆಳಗಿನಿಂದ ಎರಡು ಸಲ ತನ್ನ ಹಾಲಿನಲ್ಲೇ ಚಹಾ ಮಾಡಿ ತಂದಿದ್ದಳು. ಐದು ಎಮ್ಮೆ ಕಟ್ಟಿದ ಮನೆಗೆ ಮಂದಿಯ ಹಾಲು! ಮನೀಷಾಗೆ ಮೈಯೆಲ್ಲ ಉರಿಯಿತು.

"ಹೋಗ್ಲಿ ಬಿಡ ಮಗಳ," ಅಂದ ಅಪ್ಪ ಅಲ್ಲಪ್ಪ. "ಒಂದಿನಾನೂ ನಮ್ಮ ಹಾಲ್ ತಪ್ಪಿಲ್ಲ. ನಿಮ್ಮವ್ವ ಇದ್ದಿದ್ರೂ ಇದನ್ನ ಅಂತಿದ್ಲು."

ಅಂತಿದ್ದಳು. ಮನೀಷಾಳ ಸಿಟ್ಟೆಲ್ಲ ಅದಕ್ಕೇ.

*

ಒಂದೇ ಎಮ್ಮೆ ಇದ್ದ ಕಾಲದಲ್ಲಿ ಹಾಲೆಲ್ಲ ಗಡಹಿಂಗ್ಲಜ ಬಸ್ ಸ್ಟ್ಯಾಂಡಿನ ಹೋಟೆಲಿಗೆ. ದಿನಾ ಸಂಜೆ ಕೊಟ್ಟುಬರುವವಳು ಮನೀಷಾ. ಮನೆಮಂದಿಗೆ ಬೆಲ್ಲದ ಕರೀ ಚಹಾ. ಆಮೇಲೆ ಹೊಲಕ್ಕೆ ನೀರು ಬಂತು, ಕಬ್ಬು ಬಂತು, ಮನೆಗೆ ಟೈಲ್ಸ್ ಬಂತು. ಚಹಾ ಮಾತ್ರ ಕರೀದೇ ಉಳಿಯಿತು.

ಹೋದ ವರ್ಷ ಅವ್ವನ ಎಲುಬು ಪೊಳ್ಳಾಗಿವೆ, ಹಾಲು ಕುಡಿಸಿ ಎಂದರು ಡಾಕ್ಟರು. ಮನೀಷಾ ಗಂಡನ ಮನೆ ಇಚಲಕರಂಜಿಯಿಂದ ಓಡಿ ಬಂದು ಲೋಟ ಹಿಡಿದಳು.

"ಮಾರೂ ಹಾಲ ಹೆಂಗ ಕುಡೀಲೆ? ಗಂಟಲದಾಗ ಇಳಿಯೂದಿಲ್ಲವ್ವಾ," ಅಂದಳು ಅವ್ವ.

ಮೊನ್ನೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದವಳು ಮತ್ತೆ ಏಳಲಿಲ್ಲ.

*

ಕಡೆಗೆ ಗೆದ್ದವಳು ಮನೀಷಾನೇ. ಕ್ಯಾನಿನ ಹಾಲೆಲ್ಲ ನೂತನಳ ಒಲೆಯ ಮೇಲೆ ಕುದಿಯಿತು. ಸುಳಕೂಡದಿಂದ ಬಂದ ಸೋದರಮಾವ ಬಾಳಗೊಂಡ ಕೈಯಲ್ಲಿದ್ದ ಹಾಲಿನ ಚಹಾ ನೋಡಿ, "ಇಂಥಾ ಚಾ ನಮ್ಮ ಗೌರವ್ವಗ ಒಂದಿನಾ ಸಿಗಲಿಲ್ಲಲೇ ಅಲ್ಲಪ್ಪಾ," ಅಂದ. ಚುಚ್ಚಲಿ, ಚೆನ್ನಾಗಿ ಚುಚ್ಚಲಿ ಅಂದುಕೊಂಡಳು ಮನೀಷಾ.

ಮಧ್ಯಾಹ್ನ ಅವ್ವನನ್ನು ಮಣ್ಣು ಮಾಡಿ ಬಂದರು. ಸಂಜೆ ಎಮ್ಮೆಗಳು ಒದರತೊಡಗಿದವು. ಅಪ್ಪ, ತಮ್ಮ ಇಬ್ಬರೂ ಕೂತಲ್ಲೇ ಕೂತಿದ್ದರು. ಮನೀಷಾ ಸೀರೆ ಎತ್ತಿಕಟ್ಟಿ ಹಿಂಡಲು ಕೂತಳು. ಕಣ್ಣೀರು ಒಂದು ಕಡೆ, ಬೈಗುಳ ಒಂದು ಕಡೆ. ಅಪ್ಪನನ್ನು ಬೈದಳು, ತಮ್ಮನನ್ನು ಬೈದಳು, ಸತ್ತ ಅವ್ವನನ್ನೂ ಬಿಡಲಿಲ್ಲ. ಹಾಲು ಸೋಸಿ, ಕ್ಯಾನು ಎತ್ತಿಕೊಂಡು, ಬೈಯುತ್ತಲೇ ನಡೆದಳು.

"ಅಕ್ಕಾರ, ನೀವ್ಯಾಕ ಬಂದ್ರಿ? ಇವತ್ತ..."

ಡೇರಿಯಲ್ಲಿ ಹಾಲು ಅಳೆಯುವ ಧರಣೇಂದ್ರ ಅರ್ಧಕ್ಕೇ ನಿಲ್ಲಿಸಿದ. ಆಗಷ್ಟೇ ಎಚ್ಚರಾದವಳಂತೆ ಮನೀಷಾ ಸುತ್ತ ನೋಡಿದಳು. ಪಾಳಿಯಲ್ಲಿ ಅವಳ ಮುಂದೆ ಆರು ಜನ, ಹಿಂದೆ ಇಬ್ಬರು. ಮಣ್ಣಿಗೆ ಹೋಗಿ ಬಂದು ಮಿಂದ ಅವಳ ಕೂದಲು ಇನ್ನೂ ಆರಿರಲಿಲ್ಲ. ಮುಂದಿದ್ದವರು ತಮ್ಮ ತಮ್ಮ ಕ್ಯಾನು ಸರಿಸಿಕೊಂಡು ಅವಳಿಗೆ ದಾರಿ ಬಿಟ್ಟರು.