ತಳ ಮುಟ್ಟಿದ ಹುಳು

ಅಕ್ಕನ ಹೊಲಿಗೆ ಅಂಗಡಿಯೊಳಗೆ ತಮ್ಮ ಬಂದಾಗ ಅವನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು, ಎಡಗೈಯಲ್ಲಿ ಒಂದು ತಗಡಿನ ಡಬ್ಬಿ. ಅಂಚೆ ಹಂಚುವಾಗ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡು ವಾರವಾಗಿತ್ತು. ನೋವಿನ ಮಾತೇ ಎತ್ತದೆ, ಹೊಲಿದಿಟ್ಟ ಶಾಲಾ ಸಮವಸ್ತ್ರಗಳ ರಾಶಿಯನ್ನು ಪಕ್ಕಕ್ಕೆ ತಳ್ಳಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಡಬ್ಬಿ ಬಿಚ್ಚಿದ.

“ಅಕ್ಕಾ, ನಾಡಿದ್ದು ಭಾನುವಾರ ಕೊನೇ ದಿನ. ಆಮೇಲೆ ಮೀನು ಮೊಟ್ಟೆ ಇಡೋ ಕಾಲ, ನಾಲ್ಕು ತಿಂಗಳು ಹೊಳೇಲಿ ಗಾಳ ಹಾಕೋ ಹಾಗಿಲ್ಲ.”

“ಈ ಕೈ ಇಟ್ಕೊಂಡು ಗಾಳ ಹಾಕ್ತೀಯೇನೋ?”

“ನಾನಲ್ಲ. ನೀನು.”

ಊರೆಲ್ಲ ‘ಟೈಲರಕ್ಕ’ ಎಂದೇ ಕರೆಯುವ ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಆಮೇಲೆ ನಕ್ಕಳು. ಚಿಕ್ಕಂದಿನಲ್ಲಿ ಅಪ್ಪ ಹೊಳೆಗೆ ಕರೆದೊಯ್ಯುತ್ತಿದ್ದುದು ತಮ್ಮನನ್ನು ಮಾತ್ರ. ಅವಳ ಪಾಲಿಗೆ ಮನೆಯಲ್ಲಿ ಅಂಚು ಮಡಚಿ ಹೊಲಿಯುವ ಕೆಲಸ ಕಾದಿರುತ್ತಿತ್ತು. ನಲವತ್ತೈದು ದಾಟಿದ ಮೇಲೆ ಈಗ ಕರೆ ಬಂದಿದೆ, ಅದೂ ಕೈ ಮುರಿದುಕೊಂಡವನಿಂದ!

ತಮ್ಮ ವಿವರಿಸತೊಡಗಿದ. ಒಡ್ಡಿನ ಕೆಳಗಿನ ಮಡುವಿನಲ್ಲಿ ದೊಡ್ಡ ಮೀನುಗಳಿವೆ. ಮೇಲೆ ತೇಲುವ ಹುಳುವನ್ನು ಅವು ಕಣ್ಣೆತ್ತಿಯೂ ನೋಡುವುದಿಲ್ಲ. ತಳದ ಕಲ್ಲುಗಳಿಗೆ ಅಂಟಿಕೊಂಡ, ಇನ್ನೂ ರೆಕ್ಕೆ ಮೂಡದ ಮರಿಹುಳುಗಳೇ ಅವಕ್ಕೆ ಊಟ. ಗಾಳಕ್ಕೆ ಆ ಮರಿಹುಳುವಿನ ವೇಷ ತೊಡಿಸಬೇಕು. ‘ನಿಂಫ್’ ಅಂತಾರೆ ಅದನ್ನು. ಒಳಗೆ ಭಾರ ಇಟ್ಟು ಕಟ್ಟಬೇಕು, ಇಲ್ಲದಿದ್ದರೆ ತಳ ಮುಟ್ಟುವ ಮೊದಲೇ ನೀರು ಎಳೆದುಕೊಂಡು ಹೋಗುತ್ತದೆ.

“ಅಂದ್ರೆ ಗಾಳಕ್ಕೆ ಒಂದು ಕೋಟು ಹೊಲೀಬೇಕು, ಒಳಗೆ ಅಸ್ತರಿ ಬೇರೆ.”

“ನಗಬೇಡಕ್ಕ. ಕಷ್ಟ ಇದೆ.”

ಅವನು ಪುಟ್ಟ ಇಕ್ಕಳವನ್ನು ಮೇಜಿನಂಚಿಗೆ ತಿರುಪಿ ಬಿಗಿಸಿದ. ಅವಳು ಹಿತ್ತಾಳೆ ಮಣಿಯೊಂದನ್ನು ಗಾಳದ ಮೊನೆಯಿಂದ ತೂರಿಸಿ, ದಾರ ಕಟ್ಟುವ ಕಣ್ಣಿನವರೆಗೂ ಸರಿಸಿದಳು. ಗಾಳವನ್ನು ಇಕ್ಕಳಕ್ಕೆ ಕಚ್ಚಿಸಿ, ಅದರ ಬೆನ್ನಿಗೆ ತಂತಿ ಸುತ್ತಿ, ಮೇಲೆ ನೂಲು ಬಿಗಿದಳು. ಬಾಲಕ್ಕೆ ಹಕ್ಕಿಗರಿಯ ಮೂರು ಎಳೆ, ಮೈಗೆ ಕಂದು ಉಣ್ಣೆ. ಮೊದಲನೆಯದು ಹೊಟ್ಟೆ ಊದಿಕೊಂಡು ಕೂತಿತು.

“ಇದು ಹುಳ ಅಲ್ಲ, ಕೋಟಿನ ಗುಂಡಿ,” ಎಂದ ತಮ್ಮ.

“ಬಾಯಿ ಮುಚ್ಚು. ಉಣ್ಣೆ ಜಾಸ್ತಿ ಆಯ್ತು, ನನಗೇ ಕಾಣಿಸ್ತಿದೆ.”

ಎರಡನೆಯದು ಸಪೂರವಾಯಿತು. ಮೂರನೆಯದಕ್ಕೆ ಅವಳು ಅವನ ಉಣ್ಣೆಯನ್ನು ಬಿಟ್ಟು, ನೆಲದ ಮೇಲೆ ಬಿದ್ದಿದ್ದ ಹಳೆಯ ಕೋಟಿನ ನವಿರೆಳೆಗಳ ಜುಂಗನ್ನು ಹೆಕ್ಕಿ, ನೂಲಿಗೆ ಹೊಸೆದು ತೆಳ್ಳಗೆ ಸುತ್ತಿದಳು. ಮೇಲೆ ತಾಮ್ರದ ಎಳೆಯನ್ನು ಅಂತರ ತಪ್ಪದೆ ಓಡಿಸಿದಳು. ಮೈಗೆ ಪಕ್ಕೆಲುಬು ಮೂಡಿದಂತಾಯಿತು. ಗಂಟು ಹಾಕಿ ನೂಲು ಕತ್ತರಿಸಿ, ನೀರಿನ ಲೋಟಕ್ಕೆ ಬಿಟ್ಟಳು. ಹುಳು ತಲೆ ಕೆಳಗಾಗಿ ಸರ್ರನೆ ಇಳಿದು ತಳದಲ್ಲಿ ಕೂತಿತು. ಜುಂಗಿನ ಕೂದಲುಗಳು ನೀರಿನಲ್ಲಿ ಕಾಲುಗಳಂತೆ ಅಲುಗಿದವು. ಇಬ್ಬರೂ ಲೋಟಕ್ಕೆ ಮೂಗು ತಾಗಿಸಿದರು.

“ಅಕ್ಕಾ, ಜೀವ ಇದೆ ಇದಕ್ಕೆ!”

ಅಷ್ಟರಲ್ಲಿ ಬಸ್ಸಿನ ಕೆಲಸ ಮುಗಿಸಿ ಬಂದ ಅವಳ ಗಂಡ ಬಾಯಾರಿಕೆಯೆಂದು ಲೋಟ ಎತ್ತಿಯೇಬಿಟ್ಟ.

“ಭಾವಾ, ಬೇಡ!” ತಮ್ಮ ಕೂಗಿದ ರಭಸಕ್ಕೆ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಏನು ಎತ್ತ ಎಂದು ತಿಳಿದ ಮೇಲೆ ಭಾವ ಅಂದದ್ದು ಇಷ್ಟೆ: “ಮೊದಲ ಮೀನು ನಾನೇ ಆಗ್ತಿದ್ದೆ.”

ಭಾನುವಾರ ಬೆಳಿಗ್ಗೆ ಗಂಡನ ರಬ್ಬರ್ ಬೂಟು ತೊಟ್ಟು, ತಮ್ಮನ ಗಾಳದ ಕೋಲು ಹಿಡಿದು ಅವಳು ಮೊಣಕಾಲುದ್ದದ ನೀರಿಗಿಳಿದಳು. ತಮ್ಮ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಎಡಗೈಯಲ್ಲಿ ಕೈಬಲೆ ಹಿಡಿದು ಪಕ್ಕದಲ್ಲೇ ನಿಂತ.

“ಹರಿವಿಗೆ ಎದುರಾಗಿ ಎಸಿ. ಮುಳುಗೋಕೆ ಬಿಡು. ತಳದಲ್ಲಿ ಉರುಳ್ತಾ ನಿನ್ನ ಕಡೆಗೇ ಬರತ್ತೆ. ದಾರ ನಿಂತ್ರೆ ಮೀನು ಕಚ್ಚಿದೆ ಅಂತ, ಎತ್ತು.”

ದಾರ ನಿಂತಿತು. ಎತ್ತಿದಳು. ಕಲ್ಲು! ಹುಳು ಕಿತ್ತುಹೋಯಿತು. ಎರಡನೆಯದನ್ನು ಮುಳುಗಿದ ಕೊಂಬೆ ನುಂಗಿತು. ಉಳಿದದ್ದು ಜುಂಗಿನ ಕೋಟು ತೊಟ್ಟ ಅದೊಂದೇ. ತಮ್ಮ ಹಲ್ಲಿನಿಂದಲೂ ಎಡಗೈಯಿಂದಲೂ ಗಂಟು ಬಿಗಿಯಲು ಹೆಣಗುತ್ತಿದ್ದುದನ್ನು ನೋಡಲಾರದೆ ಅವಳೇ ಕಿತ್ತುಕೊಂಡು ಕಟ್ಟಿದಳು.

ಈ ಸಲ ಅವಳು ದಾರವನ್ನು ಕಣ್ಣಿಂದ ನೋಡುವುದರ ಜೊತೆಗೆ ಬೆರಳ ತುದಿಯ ಮೇಲೂ ಹಾಯಿಸಿಕೊಂಡಳು. ಹುಳು ತಳ ಮುಟ್ಟಿದ್ದು ತಿಳಿಯಿತು. ಕಲ್ಲಿನಿಂದ ಕಲ್ಲಿಗೆ ಟಕ್, ಟಕ್ ಎಂದು ಉರುಳುತ್ತ ಬಂದದ್ದೂ ತಿಳಿಯಿತು. ಆಮೇಲೆ ಏನೋ ಮೆತ್ತಗೆ ತಡೆಯಿತು. ಕಲ್ಲಲ್ಲ. ಕಲ್ಲಿಗೆ ಇಷ್ಟು ನಾಜೂಕು ಇರುವುದಿಲ್ಲ.

ಎತ್ತಿದಳು. ಕೋಲು ಬಿಲ್ಲಿನಂತೆ ಬಾಗಿತು. ದಾರ ನೀರನ್ನು ಸೀಳುತ್ತ ಮಡುವಿನಾಚೆಗೆ ಓಡಿತು, ಕೋಲಿನ ಬುಡದಲ್ಲಿ ದಾರ ಸುತ್ತುವ ರಾಟೆ ಕಿರ್ರೆಂದು ಅರಚಿತು.

“ಬಿಡು ಅಕ್ಕಾ, ದಾರ ಬಿಡು! ಹಿಡಿ! ಕೋಲು ಮೇಲೆತ್ತು!”

“ಬಿಡ್ಲೋ ಹಿಡೀಲೋ, ಒಂದು ಹೇಳೋ!”

ಮೀನು ಗಾಳಿಗೆ ಹಾರಿತು. ಹೊನ್ನಿನ ಪಕ್ಕೆ, ಮೈತುಂಬ ಕರಿಚುಕ್ಕೆ. ಧಡಾರನೆ ಬಿತ್ತು. ಅವಳು ಕಿರುಚಿದಳು, ತಮ್ಮ ಅವಳಿಗಿಂತ ಜೋರಾಗಿ ಕಿರುಚಿದ. ಅದು ಎಳೆದಾಗ ಬಿಟ್ಟಳು, ಸುಸ್ತಾದಾಗ ಸುತ್ತಿದಳು. ಐದು ನಿಮಿಷವೋ ಅರ್ಧ ಗಂಟೆಯೋ ಅವಳಿಗೆ ಗೊತ್ತಾಗಲಿಲ್ಲ. ಕೊನೆಗೆ ಮೀನು ಹತ್ತಿರ ಬಂದು ತಮ್ಮನ ಕಾಲುಗಳ ನಡುವೆಯೇ ನುಗ್ಗಿತು. ಅವನು ತಿರುಗಲು ಹೋಗಿ ನೀರಿನಲ್ಲಿ ಧೊಪ್ಪನೆ ಕುಕ್ಕರಿಸಿದ. ಪ್ಲಾಸ್ಟರು ಮುಳುಗಿತು, ಟೋಪಿ ತೇಲಿಹೋಯಿತು. ಆದರೆ ಎಡಗೈ ಮೇಲೆದ್ದಾಗ ಬಲೆಯೊಳಗೆ ಮೀನಿತ್ತು.

“ಅಕ್ಕಾ!” ಎಂದ.

ಕೊರಳಲ್ಲೇ ಮರೆತಿದ್ದ ಅಳತೆಪಟ್ಟಿ ಹಿಡಿದು ನೋಡಿದರೆ ಇಪ್ಪತ್ತೆರಡು ಇಂಚು! ಅಷ್ಟುದ್ದದ್ದು ಅವನಿಗಾಗಲಿ ಅಪ್ಪನಿಗಾಗಲಿ ಎಂದೂ ಸಿಕ್ಕಿರಲಿಲ್ಲ. ಒಂದು ಕ್ಷಣ ತಮ್ಮನ ಮುಖ ಸಣ್ಣದಾದದ್ದನ್ನು ಅವಳು ಕಂಡಳು. ಮರುಕ್ಷಣ ಅವನು ಒದ್ದೆ ತಲೆ ಕೊಡವಿ, “ಅಪ್ಪ ನಿನ್ನನ್ನೂ ಆಗಲೇ ಕರ್ಕೊಂಡು ಬರಬೇಕಿತ್ತು,” ಎಂದ.

“ಈಗ ಬಂದಿದೀನಲ್ಲ.”

ಮೀನಿನ ಹೊಟ್ಟೆ ಮೊಟ್ಟೆಗಳಿಂದ ಉಬ್ಬಿತ್ತು. ಅವಳು ಗಾಳ ಬಿಡಿಸಿ, ಅದನ್ನು ಎರಡೂ ಕೈಯಲ್ಲಿ ನೀರಿನಲ್ಲಿ ಹಿಡಿದು ನಿಂತಳು. ಅದು ಒಮ್ಮೆ ಬಾಯಿ ತೆರೆದು ಮುಚ್ಚಿ, ಬಾಲ ಬೀಸಿ ಅವಳ ಮುಖಕ್ಕೆ ನೀರೆರಚಿ ಹೋಯಿತು.

ಅವಳು ಕೋಲನ್ನು ತಮ್ಮನ ಎಡಗೈಗೆ ಕೊಟ್ಟಳು. “ನೀನು ಹಿಡ್ಕೊ, ನಾನು ದಾರ ಸುತ್ತಿ ಕೊಡ್ತೀನಿ.”

ಮೂರನೇ ಎಸೆತಕ್ಕೇ ದಾರ ನಿಂತಿತು. “ಕಲ್ಲು,” ಎಂದ ಅವನು.

ದಾರದ ಮೇಲೆ ಬೆರಳಿಟ್ಟಿದ್ದ ಅವಳು ಹೊಳೆಯೆಲ್ಲ ಕೇಳುವಂತೆ ಕೂಗಿದಳು: “ಕಲ್ಲಲ್ವೋ, ಎತ್ತು!”