ಕಾರಿನ ಹುಬ್ಬು

ಮೂರನೇ ಸಲವೂ ಸ್ಟೀಲು ಪಟ್ಟಿ ರಬ್ಬರಿನಿಂದ ಚಿಮ್ಮಿ ಭಾವನ ಪಾದದ ಮೇಲೆ ಬಿದ್ದಾಗ ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಮೊದಲನೇ ಸಲ ಎಲ್ಲರೂ ನಕ್ಕಿದ್ದೆವು. ಎರಡನೇ ಸಲ ನನ್ನ ಗಂಡ ಒಬ್ಬನೇ ನಕ್ಕಿದ್ದ, ಅದೂ ಗೋಡೆಯ ಕಡೆ ತಿರುಗಿ.

“ರಬ್ಬರು ಸರಿಯಿಲ್ಲ,” ಎಂದರು ಭಾವ.

ಮೊದಲ ಸಲ ಪಟ್ಟಿ ಸರಿಯಿರಲಿಲ್ಲ. ಎರಡನೇ ಸಲ ಸೋಪಿನ ನೀರು ಸರಿಯಿರಲಿಲ್ಲ. ಇನ್ನು ಸರಿಯಿಲ್ಲ ಅನ್ನಿಸಿಕೊಳ್ಳಲು ಉಳಿದವರು ನಾವು ಮೂರೇ ಜನ: ಶೆಡ್ಡಿನ ಯಜಮಾನರಾದ ಭಾವ, ಡೆಂಟು ತೆಗೆದು ಬಣ್ಣ ಹೊಡೆಯುವ ಅವರ ತಮ್ಮ, ಅಂದರೆ ನನ್ನ ಗಂಡ, ಮತ್ತೆ ಸೀಟು ಹೊಲಿಯುವ ನಾನು. ನಾನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದೆ.

ಕಾರು ನರ್ಸಮ್ಮನದು. ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಕೆನೆ ಬಣ್ಣದ, ಗುಂಡು ಬೆನ್ನಿನ ಆ ಕಾರನ್ನು ಅವರು ಕೊಂಡಾಗ ಭಾವ ಇನ್ನೂ ಹುಟ್ಟಿರಲಿಲ್ಲ. ಅದರ ಮುಂದಿನ ಗಾಜು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಒಡೆದರೆ ಕಾರಿನ ಕತೆ ಅಲ್ಲಿಗೆ ಮುಗಿಯಿತು.

ಗಾಜಿನ ಕೆಳಗೆ ತುಕ್ಕು ಹಿಡಿದಿತ್ತು. ಭಾವ ಪಟ್ಟಿ ಎಬ್ಬಿಸಿ ತೆಗೆದರು, ಆಮೇಲೆ ಗಾಜು ತೆಗೆದರು. ನನ್ನ ಗಂಡ ತುಕ್ಕು ಕೆರೆದು ಬಣ್ಣ ಹೊಡೆದ. ಭಾವ ಹೊಸ ರಬ್ಬರು ತೊಡಿಸಿ ಗಾಜನ್ನು ಮತ್ತೆ ಕೂರಿಸಿದರು. ಉಳಿದದ್ದು ಪಟ್ಟಿ ಒಂದೇ. ಗಾಜಿನ ಸುತ್ತ ಹೊಳೆಯುವ ಬೆರಳಗಲದ ಅಂಚು ಅದು. ಎಡಕ್ಕೊಂದು, ಬಲಕ್ಕೊಂದು, ಎರಡು ತುಂಡು. ರಬ್ಬರಿನ ಮುಖದಲ್ಲಿ ಅದಕ್ಕೆಂದೇ ಒಂದು ಸೀಳು ಇರುತ್ತದೆ. ಸೀಳಿನ ಎರಡು ತುಟಿಗಳು ಪಟ್ಟಿಯನ್ನು ಕಚ್ಚಿ ಹಿಡಿಯಬೇಕು. ಭಾವ ಒಂದು ಮೂಲೆ ಕೂರಿಸಿದರೆ ಇನ್ನೊಂದು ಮೂಲೆ ಏಳುತ್ತಿತ್ತು, ಹಟ ಹಿಡಿದ ಮಗುವಿಗೆ ಅಂಗಿ ತೊಡಿಸಿದ ಹಾಗೆ.

ಕೊನೆಗೆ ಅವರು ನರ್ಸಮ್ಮನಿಗೆ ಫೋನು ಮಾಡಿದರು. “ಕಾರು ರೆಡಿ, ಸೀಟು ಕೂರಿಸೋದಷ್ಟೇ ಬಾಕಿ, ಬಂದು ತಗೊಂಡ್ಹೋಗಿ. ಪಟ್ಟಿ ಮಾತ್ರ ಇಲ್ಲ. ಅದು ಬರೀ ಷೋಕಿಗೆ ಇರೋದು, ಇಲ್ದಿದ್ರೂ ಓಡತ್ತೆ.”

ನರ್ಸಮ್ಮನ ದನಿ ಫೋನಿನಿಂದ ಹೊರಗೂ ಕೇಳಿಸಿತು. “ಹುಬ್ಬಿಲ್ದಿದ್ರೂ ಮನುಷ್ಯ ಓಡ್ತಾನೆ ಕಣಪ್ಪ. ನಿನ್ನದು ಬೋಳಿಸ್ಕೊಂಡು ನಿಂತಿರು, ಬಂದೆ.”

ಗಂಡ ಮತ್ತೆ ಗೋಡೆಯ ಕಡೆ ತಿರುಗಿದ.

ನನಗೆ ನಗು ಬರಲಿಲ್ಲ. ಶೆಡ್ಡಿನ ಕಿಟಕಿಯ ಪಕ್ಕ ಒಂದು ಉದ್ದನೆ ಮೇಜಿದೆ, ಮೇಲೆ ದಪ್ಪ ಕಂಬಳಿ ಹೊದೆಸಿದ್ದು. ಅದು ಗಾಜಿನ ಕೆಲಸದ ಮೇಜು. ಮೊಣಕಾಲು ಸೋತು ಕೆಲಸ ಬಿಡುವವರೆಗೆ ಅಲ್ಲಿ ಗಾಜಿನಜ್ಜ ಇದ್ದ. ಎರಡು ವರ್ಷ ಅವನು ಕರೆದಾಗಲೆಲ್ಲ ಸೂಜಿ ಬಿಟ್ಟು ಓಡಿಹೋಗಿ ಗಾಜಿನ ಇನ್ನೊಂದು ತುದಿ ಹಿಡಿದವಳು ನಾನು. ಹಗ್ಗ ಎಳೆದು ಗಾಜು ಕೂರಿಸುವುದನ್ನು ಅವನೇ ಕಲಿಸಿದ್ದ. ಅವನು ಹೋದ ಮೇಲೆ ಮೇಜು ನನಗೆ ಕೊಡಿ ಎಂದು ಭಾವನನ್ನು ಎರಡು ಸಲ ಕೇಳಿದ್ದೆ. ಎರಡು ಸಲವೂ ಒಂದೇ ಉತ್ತರ: “ಗಾಜು ಹೊಲಿಯೋಕಾಗಲ್ಲಮ್ಮ ಸೂಜಿ.” ಈ ಶೆಡ್ಡಿನಲ್ಲಿ ನನ್ನ ಹೆಸರೇ ಸೂಜಿ. ಆರು ತಿಂಗಳಿಂದ ಆ ಕಂಬಳಿಯ ಮೇಲೆ ಹಳೇ ಸೈಲೆನ್ಸರುಗಳು ಮಲಗಿದ್ದವು. ದಿನಾ ಅವನ್ನು ನೋಡುತ್ತ ಹೊಲಿಯುತ್ತಿದ್ದೆ.

ಆ ಹೊತ್ತಿನಲ್ಲಿ ನನ್ನ ತೊಡೆಯ ಮೇಲಿದ್ದದ್ದು ಅದೇ ಕಾರಿನ ಮುಂದಿನ ಸೀಟಿನ ಹೊಸ ಕವರು. ಅಂಚಿನುದ್ದಕ್ಕೂ ಪೈಪಿಂಗು, ಅಂದರೆ ಒಳಗೆ ದಾರವಿಟ್ಟ ಉಬ್ಬಂಚು, ಕೊಟ್ಟು ಮುಗಿಸಿದ್ದೆ. ಇನ್ನು ಅದನ್ನು ಸ್ಪಂಜಿನ ಮೇಲೆ ಎಳೆದು ಕೂರಿಸಬೇಕು. ಎಳೆಯಲು ಅಂಚನ್ನು ಹಿಡಿದೆ. ಕೈ ಅಲ್ಲೇ ನಿಂತಿತು.

ಹಳೇ ಕವರು ಬಿಚ್ಚುವಾಗ ಈ ಪೈಪಿಂಗು ಎಲ್ಲಕ್ಕಿಂತ ಮೊದಲು ಕಿತ್ತು ಬರುತ್ತದೆ. ಅಂಚಿನಲ್ಲಿರುತ್ತದಲ್ಲ, ಒಂದು ಎಳೆ ಸಿಕ್ಕರೆ ಸಾಕು. ಹಾಗೆಂದು ಅದನ್ನು ಕೊನೆಗೆ ಹೊಲಿಯುತ್ತಾರೆಯೇ? ಸೀಟಿಗೆ ಕವರು ತೊಡಿಸಿ ಆದ ಮೇಲೆ? ಬಟ್ಟೆ ಆಗ ಬಿಗಿದುಕೊಂಡಿರುತ್ತದೆ, ಸೂಜಿಯೇ ಇಳಿಯುವುದಿಲ್ಲ.

ಭಾವನ ಶೆಡ್ಡಿನಲ್ಲಿ ಒಂದೇ ಒಂದು ಶಾಸ್ತ್ರ: ಬಿಚ್ಚುವಾಗ ಮೊದಲು ಬಂದದ್ದು ಜೋಡಿಸುವಾಗ ಕೊನೆಗೆ. ಇಂಜಿನ್ನು, ಗೇರುಬಾಕ್ಸು, ಬ್ರೇಕು, ಎಲ್ಲವನ್ನೂ ಅವರು ಹಾಗೇ ಬಿಚ್ಚಿ, ಬಿಚ್ಚಿದ ಸಾಲಿನಲ್ಲೇ ನೆಲದ ಮೇಲಿಟ್ಟು, ಹಿಂದಿನಿಂದ ಮುಂದಕ್ಕೆ ಜೋಡಿಸುತ್ತಾರೆ. ಒಂದು ನಟ್ಟೂ ಮಿಕ್ಕಿದ್ದಿಲ್ಲ. ಆದ್ದರಿಂದ ಮೊದಲು ಬಂದ ಪಟ್ಟಿ ಅವರ ಲೆಕ್ಕದಲ್ಲಿ ಕೊನೆಗೇ ಹೋಗಬೇಕು.

“ಭಾವ,” ಎಂದೆ. “ಗಾಜು ಕೂತ್ಮೇಲೆ ರಬ್ಬರು ಬಿಗಿದ್ಕೊಂಡಿರತ್ತೆ. ತುಟಿ ತೆರೆಯೋದೇ ಇಲ್ಲ. ಪಟ್ಟೀನ ಗಾಜಿಗಿಂತ ಮೊದ್ಲೇ ಹಾಕ್ಬೇಕು, ಮೇಜಿನ ಮೇಲೆ. ಆಮೇಲೆ ಗಾಜು, ರಬ್ಬರು, ಪಟ್ಟಿ, ಮೂರನ್ನೂ ಒಟ್ಟಿಗೆ ಕಾರಿಗೆ.”

“ಅಂದ್ರೆ ಕೂರಿಸಿರೋ ಗಾಜು ಮತ್ತೆ ತೆಗೀಬೇಕು.”

“ಹೌದು.”

“ಇಡೀ ಊರಲ್ಲಿ ಇರೋ ಒಂದೇ ಒಂದು ಗಾಜು.”

“ಹೌದು ಭಾವ.”

ಅವರು ಕೈಯೊರೆಸಿಕೊಳ್ಳುವ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಎಸೆದರು. “ಸರಿ, ತೆಗಿ. ಗಾಜಿಗೆ ಒಂದು ಕೂದಲೆಳೆ ಬಿರುಕು ಬಿದ್ರೆ, ಇಲ್ಲಾ ಒಳಗೆ ಒಂದು ಹನಿ ನೀರು ಬಂದ್ರೆ, ಮೇಜಿನ ಮಾತು ಜನ್ಮದಲ್ಲಿ ಎತ್ತಬಾರ್ದು.”

“ಬರ್ದಿದ್ರೆ?”

“ಬರ್ದಿದ್ರೆ ಮೇಜು ನಿಂದು.”

ಗಂಡ ಮೊದಲ ಸಲ ಬಾಯಿಬಿಟ್ಟ. “ನಾನು ಕೇಳಿಸ್ಕೊಂಡೆ.”

ನರ್ಸಮ್ಮ ಒಳಗೆ ಬಂದಾಗ ನಾನು ಅವರ ಕಾರಿನೊಳಗೆ ಬರೀ ತಗಡಿನ ಮೇಲೆ ಅಂಗಾತ ಮಲಗಿದ್ದೆ. ಮುಂದಿನ ಸೀಟುಗಳು ಹೇಗೂ ಹೊರಗಿದ್ದವು. ಕಾರಿನ ತಗಡನ್ನು ಒಳಗಿನಿಂದ ಕಚ್ಚಿದ್ದ ರಬ್ಬರಿನ ತುಟಿಯನ್ನು ಮರದ ಚಾಕುವಿನಿಂದ ಇಂಚಿಂಚಾಗಿ ಬಿಡಿಸಿಯಾಗಿತ್ತು. ಗಂಡನ ಉಣ್ಣೆಯ ಕಾಲುಚೀಲ ತೊಟ್ಟ ನನ್ನ ಎರಡೂ ಪಾದಗಳು ಗಾಜಿನ ಮೇಲ್ಮೂಲೆಗೆ ಒತ್ತಿಕೊಂಡಿದ್ದವು. ಹೊರಗೆ ಗಾಜು ಹಿಡಿಯಲು ಗಂಡ ಒಂದು ಬದಿ, ಭಾವ ಒಂದು ಬದಿ. ಭಾವ ಕಣ್ಣು ಮುಚ್ಚಿಕೊಂಡಿದ್ದರು.

“ಏನಿದು, ನನ್ನ ಕಾರಿಗೆ ಒದೀತಿದ್ದೀಯಾ?”

“ಒದೀತಿಲ್ಲ ನರ್ಸಮ್ಮ, ಹೊರಗೆ ತಳ್ತಿದ್ದೀನಿ. ಪಟ್ಟಿ ಹಾಕೋಕೆ.”

ಅವರು ಕೈಚೀಲ ಕೆಳಗಿಟ್ಟರು. ಕಿಟಕಿಯಿಂದ ತಲೆ ಒಳಗೆ ಹಾಕಿ ಗಾಜು, ಕಾಲು, ನನ್ನ ಮುಖ, ಮೂರನ್ನೂ ನೋಡಿದರು. ಆಮೇಲೆ ಅವರ ದನಿಯೇ ಬೇರೆಯಾಯಿತು.

“ಉಸಿರು ಬಿಗಿ ಹಿಡೀಬೇಡ. ಸೊಂಟದಿಂದ ಬಲ ಬರ್ಲಿ. ಹಾಂ, ತಳ್ಳು... ನಿಲ್ಸು. ಉಸಿರಾಡು. ಮತ್ತೆ ತಳ್ಳು, ಮೆಲ್ಲಗೆ, ಮೆಲ್ಲಗೆ...”

ಪಿಚಕ್ ಎಂದು ರಬ್ಬರು ಬಿಟ್ಟುಕೊಂಡಿತು.

“ತಲೆ ಬಂತು!” ಎಂದು ನರ್ಸಮ್ಮ ಕೂಗಿದರು. “ಏಯ್ ದೊಡ್ಡೋನೇ, ಕಣ್ಣು ಬಿಡು, ಹಿಡ್ಕೋ! ಹುಟ್ಟುವಾಗ್ಲೂ ಹೀಗೇ ಕಣ್ಮುಚ್ಕೊಂಡು ಅಡ್ಡ ಮಲಗಿದ್ದೆ ನೀನು. ನಿನ್ನಿಂದ ಇಡೀ ವಾರ್ಡು ಊಟ ಮಾಡಿರ್ಲಿಲ್ಲ.”

ಭಾವ ಕಣ್ಣು ಬಿಟ್ಟರು, ಹಿಡಿದರು. ಗಾಜು ಇಡಿಯಾಗಿ ಹೊರಗೆ ಬಂತು.

ಗಂಡ ಮೇಜಿನ ಒಂದು ತುದಿಯ ಸೈಲೆನ್ಸರುಗಳನ್ನು ಆ ಬದಿಗೆ ನೂಕಿ ಜಾಗ ಮಾಡಿಕೊಟ್ಟ. ಪಟ್ಟಿಯನ್ನು ಮೊದಲ ದಿನ ತೆಗೆಯುವಾಗ ಭಾವನ ಸ್ಕ್ರೂಡ್ರೈವರು ಬಲಗಡೆ ತುಂಡಿನಲ್ಲಿ ಉಗುರಷ್ಟು ಗುಳಿ ಮಾಡಿತ್ತು. ಅದನ್ನೂ ಅವನು ಹಿಂಬದಿಯಿಂದ ಮರದ ತುಂಡಿಟ್ಟು ಕುಟ್ಟಿ ಕುಟ್ಟಿ ಎಬ್ಬಿಸಿ, ಉಜ್ಜಿ, ಎಲ್ಲಿತ್ತೆಂದು ನನಗೇ ಗೊತ್ತಾಗದ ಹಾಗೆ ಮಾಡಿ ಕೊಟ್ಟ. ಅವನು ಸುಮ್ಮನಿದ್ದಷ್ಟೂ ಕೆಲಸ ಚೆನ್ನಾಗಿರುತ್ತದೆ.

ನಾನು ರಬ್ಬರನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಗಾಜಿನ ಸುತ್ತ ತೊಡಿಸಿದೆ. ಸೀಳಿನೊಳಗೆ ಸುತ್ತಲೂ ತೆಳುವಾದ ದಾರ ಇಟ್ಟೆ, ಸೋಪಿನ ನೀರು ಸವರಿದೆ, ಮೇಲೆ ಪಟ್ಟಿ ಇಟ್ಟು ದಾರವನ್ನು ಎಳೆಯುತ್ತ ಹೋದೆ. ದಾರ ಬರುವ ಜಾಗದಲ್ಲಿ ರಬ್ಬರಿನ ತುಟಿ ಎದ್ದು, ಪಟ್ಟಿಯ ಅಂಚನ್ನು ದಾಟಿ, ಮೇಲೆ ಮುಚ್ಚಿಕೊಳ್ಳುತ್ತಿತ್ತು. ಮೂರು ಸಲ ಹಟ ಮಾಡಿದ ಪಟ್ಟಿ, ಅಮ್ಮನ ಕೈಗೆ ಬಂದ ಕೂಸಿನಂತೆ ಸುಮ್ಮನಾಯಿತು. ನಾಲ್ಕೂ ಮೂಲೆ. ಎರಡು ತುಂಡು ಸೇರುವಲ್ಲಿ ಮೇಲೊಂದು ಕೆಳಗೊಂದು ಪುಟ್ಟ ಮುಚ್ಚಳ.

“ಪೈಜಾಮಕ್ಕೆ ಲಾಡಿ ಹಾಕಿದಷ್ಟು ಸಲೀಸು,” ಎಂದರು ನರ್ಸಮ್ಮ.

ಭಾವ ಹತ್ತಿರ ಬಂದು ನಿಂತಿದ್ದರು.

ಕಾರಿಗೆ ಕೂರಿಸುವಾಗ ದಪ್ಪ ಹಗ್ಗ. ರಬ್ಬರಿನ ಹೊರ ಸುತ್ತಿನಲ್ಲಿ ಕಾರಿನ ತಗಡು ಕೂರುವ ಸೀಳಿನೊಳಗೆ ಹಗ್ಗ ಇಟ್ಟು, ಅದರ ಎರಡು ತುದಿಯನ್ನೂ ಕಾರಿನೊಳಗೆ ಬಿಟ್ಟುಕೊಂಡು ನಾನು ಒಳಗೆ ಕೂತೆ. ಅಣ್ಣತಮ್ಮಂದಿರು ಹೊರಗಿನಿಂದ ಅಂಗೈಯಲ್ಲಿ ಒತ್ತಬೇಕು, ನಾನು ಹಗ್ಗ ಎಳೆದು ರಬ್ಬರಿನ ತುಟಿಯನ್ನು ತಗಡಿನ ಮೇಲೆ ದಾಟಿಸಬೇಕು.

“ಭಾವ, ನಿಮ್ಮ ಕಡೆ ಕೆಳಗೆ ಒತ್ತಿ. ಅಲ್ಲಲ್ಲ, ಬೆರಳಲ್ಲ, ಅಂಗೈ.”

“ಗೊತ್ತಮ್ಮ.”

“ಗೊತ್ತಿದ್ರೆ ಒತ್ತಿ.”

ಬಾಯಿಂದ ಬಂದಮೇಲೆ ನನಗೇ ಗಾಬರಿಯಾಯಿತು. ಭಾವ ಒತ್ತಿದರು. ಬಲ ಮೇಲ್ಮೂಲೆಯಲ್ಲಿ ಹಗ್ಗ ಸಿಕ್ಕಿಕೊಂಡಿತು. ಜೋರಾಗಿ ಎಳೆಯಬೇಕೆಂದು ಮೈಯೆಲ್ಲ ತವಕಿಸಿತು. ಎಳೆಯಲಿಲ್ಲ. ಸೋಪಿನ ನೀರು ಬಿಟ್ಟು, ಇಪ್ಪತ್ತರವರೆಗೆ ಎಣಿಸಿ, ಹಗ್ಗವನ್ನು ಗಾಜಿನ ನಡುವಿನ ಕಡೆಗೆ ತಿರುಗಿಸಿ ಎಳೆದೆ. ಬಂತು. ಉಳಿದ ಅಷ್ಟೂ ಹಗ್ಗ ಒಂದೇ ಉಸಿರಿಗೆ ಬಂದು ನನ್ನ ಮಡಿಲಲ್ಲಿ ಸುರುಳಿಯಾಗಿ ಬಿತ್ತು.

ಹೊರಗೆ ಇಳಿದು ನೋಡಿದೆ. ಕಾರಿಗೆ ಮುಖ ಬಂದಿತ್ತು.

“ಇನ್ನೂ ನೀರಿನ ಪರೀಕ್ಷೆ ಇದೆ,” ಎಂದರು ಭಾವ. ಒಂದು ಹಳೇ ಪೇಪರು ತೆಗೆದುಕೊಂಡು ತಾವೇ ಒಳಗೆ ಹೋಗಿ ಸ್ಟೀರಿಂಗಿನ ಮುಂದೆ ಅದನ್ನು ಹಾಸಿ, ಡಬ್ಬವೊಂದರ ಮೇಲೆ ಕೂತರು. ನಾಲ್ಕೂ ಕಿಟಕಿ ಏರಿಸಿಕೊಂಡರು. ಕಾರನ್ನು ಅಂಗಳಕ್ಕೆ ತಳ್ಳಿದ್ದೆವು, ನಡುಮಧ್ಯಾಹ್ನದ ಬಿಸಿಲು. ನಾನು ಪೈಪು ಹಿಡಿದೆ. ಮೇಲಂಚು, ಕೆಳಗಂಚು, ಬಲ ಮೂಲೆಯಲ್ಲಿ ಒಂದು ನಿಮಿಷ ಜಾಸ್ತಿ. ಗಾಜಿನಾಚೆ ಭಾವನ ಮುಖ ನೀರಲ್ಲಿ ಕರಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಅವರು ಬೆರಳನ್ನು ಅಂಚಿನುದ್ದಕ್ಕೂ ಓಡಿಸುತ್ತಿದ್ದರು, ಸಾಮಾನು ಕಳೆದುಕೊಂಡವರ ಹಾಗೆ.

ಹತ್ತು ನಿಮಿಷ ಕಳೆಯಿತು. ಇದ್ದಕ್ಕಿದ್ದಂತೆ ಒಳಗಿನಿಂದ ಗಾಜು ಬಡಿದರು. “ಹನಿ! ಹನಿ ಬಿತ್ತು!”

ನನ್ನ ಕೈಯಿಂದ ಪೈಪು ಜಾರಿ ಗಂಡನ ಪ್ಯಾಂಟೆಲ್ಲ ತೋಯಿಸಿತು.

ಭಾವ ಬಾಗಿಲು ತೆಗೆದು ಪೇಪರು ಎತ್ತಿ ತೋರಿಸಿದರು. ನಡುವಿನಲ್ಲಿ ಒದ್ದೆಯ ಗುಂಡು ಗುರುತು, ಪಕ್ಕದಲ್ಲಿ ಇನ್ನೊಂದು. ಸುಳ್ಳಲ್ಲ. ಮೇಜು, ಕಂಬಳಿ, ಕಿಟಕಿಯ ಬೆಳಕು, ಎಲ್ಲ ಆ ಗುರುತಿನೊಳಗೆ ಇಂಗಿಹೋದಂತಾಯಿತು.

ನರ್ಸಮ್ಮ ಕನ್ನಡಕ ಏರಿಸಿ ಪೇಪರು ನೋಡಿದರು. ಆಮೇಲೆ ಭಾವನ ಮುಖ ನೋಡಿದರು. ಹಣೆಯಿಂದ ಹೊರಟ ನೀರು ಮೂಗಿನ ತುದಿಯಲ್ಲಿ ತೂಗುತ್ತಿತ್ತು.

“ನಾಲಿಗೆಗೆ ಹಚ್ಕೊಂಡು ನೋಡು.”

“ಏನನ್ನ?”

“ಹನೀನ. ಪೈಪಿನ ನೀರು ಸಪ್ಪಗಿರತ್ತೆ.”

ಭಾವ ಬೆರಳನ್ನು ಒದ್ದೆಗೆ ಒತ್ತಿ, ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು. ನಮ್ಮ ಮೂವರ ಕಣ್ಣೂ ಆ ನಾಲಿಗೆಯ ಮೇಲೆ. ಮೂಗಿನ ತುದಿಯ ಹನಿ ಆಗಲೇ ಕಳಚಿ ಪೇಪರಿನ ಮೇಲೆ ಮೂರನೇ ಗುರುತು ಮಾಡಿತು.

ಸುಳ್ಳು ಹೇಳಬಹುದಿತ್ತು, ಅವರ ನಾಲಿಗೆ, ಅವರ ಶೆಡ್ಡು.

“ಉಪ್ಪು,” ಎಂದರು ಭಾವ.

ಗಂಡ ಈ ಸಲ ಗೋಡೆಯ ಕಡೆ ತಿರುಗದೆ, ಎದುರಿಗೇ, ಒದ್ದೆ ಪ್ಯಾಂಟಿನಲ್ಲಿ ನಿಂತು ನಕ್ಕ. ನರ್ಸಮ್ಮ ಕಾರಿನೊಳಗೆ ಕೈ ಹಾಕಿ ಹಾರ್ನು ಒತ್ತಿ ಹಿಡಿದರು. ಪಕ್ಕದ ಟೈರು ಅಂಗಡಿಯವರು ಏನಾಯಿತೆಂದು ಹೊರಗೆ ಬಂದು ನಿಂತರು. ನನಗೆ ಕಿರುಚಬೇಕೆನಿಸಿತು. ಕಿರುಚಿದೆ ಕೂಡ.

ಭಾವ ಮುಖ ಒರೆಸಿಕೊಂಡು ಶೆಡ್ಡಿನೊಳಗೆ ಹೋದರು. ಕಿಟಕಿಯ ಹತ್ತಿರ ತಗಡಿನ ಸದ್ದಾಯಿತು. ಹೋಗಿ ನೋಡಿದರೆ ಸೈಲೆನ್ಸರುಗಳನ್ನು ಒಂದೊಂದಾಗಿ ಎತ್ತಿ ನೆಲದ ಮೇಲೆ ಸಾಲಾಗಿ ಇಡುತ್ತಿದ್ದರು. ಅಭ್ಯಾಸ.

“ಸಾಲಾಗಿ ಯಾಕೆ ಭಾವ?” ಎಂದೆ. “ಮತ್ತೆ ಮೇಜಿನ ಮೇಲೆ ಜೋಡಿಸೋ ಯೋಚನೆ ಇದೆಯಾ?”

ಭಾವ ಸಾಲನ್ನು ನೋಡಿದರು. ಕಾಲಿಂದ ಒಂದು ನೂಕು ಕೊಟ್ಟು ಅಷ್ಟನ್ನೂ ಚೆಲ್ಲಾಪಿಲ್ಲಿ ಮಾಡಿದರು.

“ಕಂಬಳಿ ಕೊಡವ್ಕೋ,” ಎಂದರು. “ನಾಳೆ ಒಂದು ಬಸ್ಸಿನ ಗಾಜಿದೆ. ನಾನು ಯಾವ ಕಡೆ ಹಿಡ್ಕೋಬೇಕು, ಈಗ್ಲೇ ಹೇಳ್ಬಿಡು.”